ಸಂತಪುರದ ಹೈಕೋರ್ಟಿನಲ್ಲಿ ಸರ್ ನಾರಾಯಣ

ಬೀದರ ಜಿಲ್ಲೆಯ ನಮ್ಮ ಸಂತಪುರದಲ್ಲಿ ಬರೆಯುವವರು ಬೆರಳೆಣಿಕೆ, ಬರೆದದ್ದರಲ್ಲಿ ತಪ್ಪು ತೆಗೆಯುವವರು ಮನೆಗಿಬ್ಬರು. ಲಗ್ನದೂಟದ ಹುಗ್ಗಿಗೆ ಬೆಲ್ಲ ಕಮ್ಮಿ ಬಿದ್ದದ್ದು ನಮಗೆ ಮೊದಲ ತುತ್ತಿಗೇ ತಿಳಿಯುತ್ತದೆ. ಎರಡನೆಯ ಸಲ, ಮೂರನೆಯ ಸಲ ಬಡಿಸಿಕೊಂಡು ಉಂಡು ಅದನ್ನು ಖಾತ್ರಿ ಮಾಡಿಕೊಳ್ಳುತ್ತೇವೆ. ಬಸ್ಸಿನ ಕಿಟಕಿಯಿಂದ ನೋಡಿಯೇ ಯಾರ ಹೊಲದ ತೊಗರಿ ಸಾಲು ಸೊಟ್ಟಗಿದೆ ಎಂದು ಹೇಳಬಲ್ಲೆವು. ಹೇಳಿದ್ದನ್ನು ಹೊಲದ ಮಾಲೀಕನಿಗೆ ಮುಟ್ಟಿಸುವವರೂ ಅದೇ ಬಸ್ಸಿನಲ್ಲಿ ಇರುತ್ತಾರೆ.

ಈ ಗುಣಕ್ಕೊಂದು ಇತಿಹಾಸವಿದೆ ಎಂದು ನಮ್ಮ ರಿಟೈರ್ ಮಾಸ್ತರು ಹೇಳುತ್ತಾರೆ. ಹೈದರಾಬಾದ್ ಸಂಸ್ಥಾನದ ಕಾಲದ ಕಾಗದಗಳಲ್ಲಿ ಈ ತಾಲ್ಲೂಕಿನ ಹೆಸರು ಸಂತಪುರ. ಈಗ ಔರಾದ. ಬೋರ್ಡು ಅತ್ತ ಹೋಯಿತು, ಬಸ್ಸುಗಳು ಮಾತ್ರ ನಮ್ಮೂರ ಮೇಲೆಯೇ ಹೋಗುತ್ತವೆ. ಕಾಗದದಲ್ಲಿ ಹೆಸರು ಕಳೆದುಕೊಂಡ ಊರಿನವರು ಅಚ್ಚಾದ ಯಾವ ಸಾಲನ್ನೂ ಸುಮ್ಮನೆ ನಂಬುವುದಿಲ್ಲವಂತೆ. ಇರಬಹುದು. ಇಲ್ಲವೇ ನಮಗೆ ಬೇರೆ ಕೆಲಸ ಇಲ್ಲದಿರಬಹುದು.

ಇಂಥ ಊರಿನಲ್ಲಿ ನನ್ನ ತಂಗಿಯ ಮಗ ಒಂದು ವಿಶ್ವಕೋಶಕ್ಕೆ ಜೀವನಚರಿತ್ರೆ ಬರೆಯಲು ಒಪ್ಪಿಕೊಂಡ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ಬುದ್ಧಿವಂತ. ಆದರೂ ಒಪ್ಪಿಕೊಂಡ. ಅವನ ಪಾಲಿಗೆ ಬಂದವರು ಸರ್ ನಾರಾಯಣ ಗಣೇಶ ಚಂದಾವರ್ಕರ್. ಹೊನ್ನಾವರದಲ್ಲಿ ಹುಟ್ಟಿ, ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮುಂಬೈ ಹೈಕೋರ್ಟಿನ ಜಡ್ಜ್ ಆದವರು. ಸಂಪಾದಕರಿಗೆ ಕಳಿಸುವ ಮೊದಲು ನಾಲ್ಕು ಜನ ನೋಡಲಿ ಎಂದು ಕರಡಿನ ಪ್ರತಿ ತೆಗೆಸಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ತಂದ. ಅಲ್ಲಿ ಸಂಜೆ ಸೇರುವವರು ಮೂವರು: ಇತಿಹಾಸ ಕಲಿಸಿದ ಮಾಸ್ತರು, ಭಾಲ್ಕಿಯ ಕೋರ್ಟಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ವಕೀಲ ಸಾಹೇಬರು, ಮತ್ತು ಎರಡರಲ್ಲೂ ಇಲ್ಲದ ನಾನು. ಮಿರ್ಚಿ ಭಜಿ ಬಂತು, ಚಹಾ ಬಂತು, ಕೆಂಪು ಪೆನ್ನು ಬಂತು.

ಮೊದಲ ಪ್ಯಾರಾ ನಾನೇ ಗಟ್ಟಿಯಾಗಿ ಓದಿದೆ. ಮಹಾನ್ ದೇಶಭಕ್ತ, ಅಪ್ರತಿಮ ವಾಗ್ಮಿ, ಧೀಮಂತ ನ್ಯಾಯಮೂರ್ತಿ, ಸಮಾಜ ಸುಧಾರಣೆಯ ಹರಿಕಾರ. ಇಷ್ಟೆಲ್ಲ ಆದಮೇಲೆ ಹೆಸರು.

ವಕೀಲರು ಭಜಿ ಕೆಳಗಿಟ್ಟರು. "ಏ ತಮ್ಮಾ, ಇದು ವಿಶ್ವಕೋಶಕ್ಕೋ, ಮೂವತ್ತೊಂದನೇ ತಾರೀಖಿನ ಬೀಳ್ಕೊಡುಗೆ ಸಮಾರಂಭಕ್ಕೋ? ಶಾಲು ಎಲ್ಲಿ ಅದ?"

"ಆದ್ರ ಅವರು ದೊಡ್ಡ ಮನುಷ್ಯರೇ ಅಲ್ರಿ ವಕೀಲ್ ಸಾಬ್?"

"ದೊಡ್ಡವರು ಅಂತ ನೀ ಯಾಕ ಹೇಳ್ತಿ? ಏನು ಮಾಡ್ಯಾರ ಅದು ಹೇಳು. ದೊಡ್ಡವರು ಹೌದೋ ಅಲ್ಲೋ ಅಂತ ಓದೋರು ಫೈಸಲಾ ಮಾಡ್ಲಿ."

ಒಂದೇ ಏಟಿಗೆ ನಾಲ್ಕು ವಿಶೇಷಣ ಉರುಳಿದವು. ಹುಡುಗ ಮುಖ ಸಣ್ಣದು ಮಾಡಿಕೊಂಡ. ನನಗೆ ಸ್ವಲ್ಪ ಪಾಪ ಅನಿಸಿತು, ಆದರೆ ಪೆನ್ನು ಕೆಳಗಿಡುವಷ್ಟು ಅನಿಸಲಿಲ್ಲ.

ಎರಡನೆಯ ಸಾಲಿಗೆ ಮಾಸ್ತರು ಎದ್ದು ಕೂತರು. '1855ರ ಡಿಸೆಂಬರ್ 2ರಂದು ಮುಂಬೈ ಪ್ರಾಂತ್ಯದ ಹೊನ್ನಾವರದಲ್ಲಿ ಜನಿಸಿದರು' ಎಂದಿತ್ತು. ಸರಿಯಾಗಿಯೇ ಇದೆಯಲ್ಲ ಎಂದೆ. ಮಾಸ್ತರು ನನ್ನ ಕಡೆ ನೋಡಿದ ನೋಟದಲ್ಲಿ ನಾನು ಮತ್ತೆ ಏಳನೇ ಇಯತ್ತೆಗೆ ಹೋದೆ.

"ಉತ್ತರ ಕನ್ನಡ ಮುಂಬೈಗೆ ಸೇರಿದ್ದು ಯಾವಾಗ? 1862ರಾಗ. ಅದಕ್ಕಿಂತ ಮೊದಲು ಕೆನರಾ ಜಿಲ್ಲಾ ಅಂತ ಮಂಗಳೂರು, ಕಾರವಾರ ಎಲ್ಲಾ ಮದ್ರಾಸ್ ಪ್ರಾಂತ್ಯದಾಗ ಇತ್ತು. ನಿಮ್ಮ ನಾರಾಯಣರಾವ್ ಹುಟ್ಟಿದ್ದು ಮದ್ರಾಸಿನಾಗ. ನಡೀಲಿಕ್ಕೆ ಕಲ್ತು ಓಡ್ಲಿಕ್ಕೆ ಹತ್ತಿದ ಮ್ಯಾಲೆ ಅವರ ಊರು ಮುಂಬೈಗೆ ಹೋಯ್ತು. ಅವರು ಹೋಗಿಲ್ಲ, ಊರು ಹೋಯ್ತು."

ಇಂಥದ್ದು ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರು ನಿಜಾಮರ ರಾಜ್ಯದಲ್ಲಿ ಹುಟ್ಟಿ, 1948ರ ಸೆಪ್ಟೆಂಬರಿನ ನಂತರ ಭಾರತದ ಹೈದರಾಬಾದ್ ರಾಜ್ಯದಲ್ಲಿ ಬೆಳೆದು, 1956ರ ನವೆಂಬರ್ 1ಕ್ಕೆ ಮೈಸೂರಿನವರಾಗಿ, 1973ಕ್ಕೆ ಕರ್ನಾಟಕದವರಾದರು. ಹಾಸಿಗೆ ಮಾತ್ರ ಅದೇ ಪಡಸಾಲೆಯಲ್ಲಿತ್ತು. ಅದೇ 1956ರಲ್ಲಿ ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿ ಉದಗೀರ, ನಿಲಂಗಾ, ಅಹಮದಪುರಗಳನ್ನು ಮುಂಬೈ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡಗಳನ್ನು ಆಂಧ್ರಕ್ಕೂ ಕೊಟ್ಟರು. ಬೀಗರು ರಾತ್ರೋರಾತ್ರಿ ಪರರಾಜ್ಯದವರಾದರು. ಹೀಗಾಗಿ ಹುಟ್ಟಿದೂರಿನ ಮುಂದೆ ಯಾವ ರಾಜ್ಯ ಬರೆಯಬೇಕು ಎನ್ನುವ ವಿಷಯದಲ್ಲಿ ಸಂತಪುರದವರ ಮುಂದೆ ಯಾರೂ ಕೈ ಚಳಕ ತೋರಿಸಬಾರದು. 'ಈಗಿನ ಕರ್ನಾಟಕದ ಹೊನ್ನಾವರ, ಆಗ ಮದ್ರಾಸ್ ಪ್ರಾಂತ್ಯ' ಎಂದು ತಿದ್ದುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸರ್ವಾನುಮತ ಆದದ್ದು ಅದೊಂದೇ ವಿಷಯ.

ಆಮೇಲೆ ಓದು ಸ್ವಲ್ಪ ದೂರ ಸರಾಗವಾಗಿ ಹೋಯಿತು. ಸೋದರಮಾವ ಶಾಮರಾವ್ ವಿಠಲ ಕೈಕಿಣಿಯವರ ಆಸರೆ, ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು, 1881ರಲ್ಲಿ ಕಾನೂನು ಪದವಿ, 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ಭಾಗದ ಸಂಪಾದಕತ್ವ. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ಕನ್ನಡ, ಮುಂಬೈಯ ಗೆಳೆಯರಲ್ಲಿ ಮರಾಠಿ, ಬರವಣಿಗೆಗೆ ಇಂಗ್ಲಿಷ್. ಮನೆಯಲ್ಲಿ ಕನ್ನಡ, ಉದಗೀರಿನ ದನದ ಬಜಾರಿನಲ್ಲಿ ಮರಾಠಿ, ಹಳೇ ಪಹಣಿ ತೆಗೆಸಲು ಉರ್ದು ಬಳಸುವ ನಮಗೆ ಇದರಲ್ಲಿ ಬೆರಗೇನೂ ಕಾಣಲಿಲ್ಲ.

ನಡುವೆ ಹೋಟೆಲಿನವನು ಚಹಾದ ಗ್ಲಾಸು ಇಡುತ್ತ, "ಚಂದಾವರ್ಕರ್ ಅಂದ್ರ ಸಿನೆಮಾಕ್ಕ ಸಂಗೀತ ಕೊಟ್ಟಾರಲ್ರಿ, ಅವರೇನು?" ಎಂದ. 'ಒಂದಾನೊಂದು ಕಾಲದಲ್ಲಿ' ನೋಡಿದ ಮನುಷ್ಯ. ಅವರು ಭಾಸ್ಕರ ಚಂದಾವರ್ಕರ್, ಬೇರೆ, ಎಂದೆವು. ಆದರೆ ಹೆಸರಿನ ಗೊಂದಲ ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗ ಒಂದು ಕಡೆ ಮುಂಬೈ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ 1933ರಿಂದ ಸೇವೆ ಸಲ್ಲಿಸಿದರು ಎಂದು ಬರೆದಿದ್ದ. ನಾರಾಯಣರಾಯರು ತೀರಿಕೊಂಡದ್ದು 1923ರ ಮೇ 14ಕ್ಕೆ, ಬೆಂಗಳೂರಿನಲ್ಲಿ. ಸತ್ತು ಹತ್ತು ವರ್ಷವಾದ ಮೇಲೆ ವಿಶ್ವವಿದ್ಯಾಲಯ ನಡೆಸುವುದು ಎಂಥ ಸರ್ ಪದವಿಯವರಿಗೂ ಕಷ್ಟ. ಅವರು ಉಪಕುಲಪತಿಯಾಗಿದ್ದದ್ದು ಖರೆ, ಆದರೆ 1933ರಲ್ಲಿ ಆ ಕುರ್ಚಿಗೆ ಬಂದವರು ಅವರ ಮಗ ವಿಠಲ ನಾರಾಯಣ ಚಂದಾವರ್ಕರ್. ಅಪ್ಪನ ಹುದ್ದೆ ಮಗನಿಗೆ ಬಂದದ್ದು ನಮ್ಮ ದೇಶದಲ್ಲಿ ಸಹಜ, ಮಗನ ಹುದ್ದೆಯನ್ನು ಅಪ್ಪನಿಗೆ ಕೊಟ್ಟದ್ದು ನಮ್ಮ ಹುಡುಗನೊಬ್ಬನೇ.

ರಾಜಕಾರಣದ ಭಾಗ ಮಾತ್ರ ಹುಡುಗ ಚೆನ್ನಾಗಿ ಬರೆದಿದ್ದ, ಒಪ್ಪಬೇಕು. 1885ರಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ. ಅಲ್ಲಿನ ಮತದಾರರಿಗೆ ಭಾರತದ ಕಷ್ಟ ಹೇಳಿ ಬರಲೆಂದು ಇಲ್ಲಿಂದ ಮೂವರು ಹೋದರು: ಬಂಗಾಳದ ಮನಮೋಹನ ಘೋಷ್, ಸೇಲಂನ ರಾಮಸ್ವಾಮಿ ಮುದಲಿಯಾರ್, ಮುಂಬೈಯಿಂದ ನಮ್ಮ ನಾರಾಯಣರಾಯರು. ವಯಸ್ಸು ಮೂವತ್ತು ಆಗಿರಲಿಲ್ಲ. ತನಗೆ ವೋಟಿಲ್ಲದ ದೇಶಕ್ಕೆ ಹೋಗಿ ವೋಟಿನ ಭಾಷಣ ಮಾಡಿದರು. ಅವರು ಹಡಗಿಳಿದು ಮುಂಬೈಗೆ ಮರಳಿದ್ದು ಡಿಸೆಂಬರ್ 28ಕ್ಕೆ. ಅದೇ ದಿನ ಅದೇ ಊರಿನಲ್ಲಿ ಕಾಂಗ್ರೆಸ್ ಹುಟ್ಟುತ್ತಿತ್ತು. ಆ ಯಾತ್ರೆಯ ಅನುಭವವನ್ನು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು.

"ಮತ್ತ ಹದಿನೈದು ವರ್ಷಕ್ಕ ಅದೇ ಕಾಂಗ್ರೆಸ್ಸಿಗೆ ಅಧ್ಯಕ್ಷ" ಎಂದ ಹುಡುಗ ಹೆಮ್ಮೆಯಿಂದ. 1900ರ ಡಿಸೆಂಬರ್ ಕೊನೆಗೆ ಲಾಹೋರ್ ಅಧಿವೇಶನ. ಅಲ್ಲಿಂದ ಮೂರು ವಾರ ಕಳೆಯುವ ಮೊದಲೇ, 1901ರ ಜನವರಿ 16ಕ್ಕೆ ಮುಂಬೈ ಹೈಕೋರ್ಟಿನ ಜಡ್ಜ್, ಸುಧಾರಕ ಮಹಾದೇವ ಗೋವಿಂದ ರಾನಡೆ ತೀರಿಕೊಂಡರು. ಆ ವರ್ಷವೇ ಚಂದಾವರ್ಕರರು ಹೈಕೋರ್ಟಿನ ಜಡ್ಜ್ ಆದರು. ಪ್ರಾರ್ಥನಾ ಸಮಾಜದಲ್ಲಿಯೂ ರಾನಡೆಯವರ ಸ್ಥಾನ ಅವರಿಗೇ ಬಂತು.

ಇಲ್ಲಿ ಹುಡುಗ ಅವರನ್ನು 'ಹತ್ತೊಂಬತ್ತನೆಯ ಶತಮಾನದ ರಾಜಕಾರಣಿ ಮತ್ತು ನ್ಯಾಯಾಧೀಶ' ಎಂದು ಬಣ್ಣಿಸಿದ್ದ. ಮಾಸ್ತರಿಗೆ ಅದು ಗಂಟಲಲ್ಲಿ ಸಿಕ್ಕಿತು. 1900 ಎಂದರೆ ಹತ್ತೊಂಬತ್ತನೆಯ ಶತಮಾನದ ಕಟ್ಟಕಡೆಯ ವರ್ಷ, 1901 ಇಪ್ಪತ್ತನೆಯದರ ಮೊದಲನೆಯದು. ಮನುಷ್ಯ ಶತಮಾನದ ಹೊಸ್ತಿಲ ಆಚೆ ಒಂದು ಕಾಲಿಟ್ಟು ಖಾದಿಯಿಲ್ಲದ ಕಾಲದ ಕಾಂಗ್ರೆಸ್ಸಿಗನಾಗಿದ್ದ, ಈಚೆ ಕಾಲಿಡುವಷ್ಟರಲ್ಲಿ ಕರಿ ಗೌನು ಹಾಕಿಕೊಂಡಿದ್ದ. ಹತ್ತೊಂಬತ್ತನೆಯ ಶತಮಾನದ ರಾಜಕಾರಣಿ ಸರಿ, ಜಡ್ಜ್ ಮಾತ್ರ ಪೂರಾ ಇಪ್ಪತ್ತನೆಯದು. ಇಷ್ಟು ಚೊಕ್ಕವಾಗಿ ಬದುಕನ್ನು ಎರಡು ಶತಮಾನಕ್ಕೆ ಹಂಚಿಕೊಟ್ಟವರನ್ನು ಒಂದಕ್ಕೇ ತುರುಕುವುದು ಅನ್ಯಾಯವಲ್ಲವೇ?

ಇಲ್ಲಿಯವರೆಗೆ ಎಲ್ಲವೂ ಹರಟೆಯೇ. ನಿಜವಾದ ಜಗಳ ಮುಂದಿನ ಪುಟದಲ್ಲಿತ್ತು, ಅಂದರೆ ಮುಂದಿನ ಪುಟದಲ್ಲಿ ಇಲ್ಲದ್ದರಲ್ಲಿ ಇತ್ತು.

ಜಡ್ಜ್‌ಗಿರಿಯ ಹನ್ನೆರಡು ವರ್ಷಕ್ಕೆ ಹುಡುಗ ಕೊಟ್ಟದ್ದು ಒಂದೇ ಸಾಲು: 'ನ್ಯಾಯಮೂರ್ತಿಗಳಾಗಿ ನಿಷ್ಪಕ್ಷಪಾತವಾಗಿ ಸೇವೆ ಸಲ್ಲಿಸಿ ಜನಮನ್ನಣೆ ಗಳಿಸಿದರು.' ಅದರ ಹಿಂದೆಯೇ ಮೆರವಣಿಗೆ: 1910ರಲ್ಲಿ ಸರ್ ಪದವಿ, ಉಪಕುಲಪತಿ, ನಿವೃತ್ತಿಯಾದ ಮೇಲೆ ಇಂದೋರಿನ ದಿವಾನಗಿರಿ, 1921ರಲ್ಲಿ ಮುಂಬೈ ವಿಧಾನ ಪರಿಷತ್ತಿನ ಮೊದಲ ಅಧಿಕಾರಿಯಲ್ಲದ ಅಧ್ಯಕ್ಷ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಡಿಗ್ರಿ, ಅಪ್ಪನ ಹೆಸರಿನ ಮುಂದೆ ಸೊಸೈಟಿಯ ಮಾಜಿ ನಿರ್ದೇಶಕ, ಅಜ್ಜನ ಹೆಸರಿನ ಮುಂದೆ ಮಾಜಿ ಪೊಲೀಸ್ ಪಾಟೀಲ ಎಂದೆಲ್ಲ ಇರುತ್ತದೆ. ವರ ಕುಡಿಯುತ್ತಾನೋ ಇಲ್ಲವೋ ಎನ್ನುವುದು ಒಂದು ಕಡೆಯೂ ಇರುವುದಿಲ್ಲ. ವಿಶ್ವಕೋಶದ ಜಡ್ಜುಗಳದ್ದೂ ಹಾಗೇ. ಕೂತ ಕುರ್ಚಿಗಳೆಲ್ಲ ಇವೆ, ಕೂತು ಮಾಡಿದ್ದೇನು?

ವಕೀಲರು ಕನ್ನಡಕ ಒರೆಸಿಕೊಂಡರು. ಅವರು ಹಾಗೆ ಮಾಡಿದರೆ ಸಾಕ್ಷಿಗಳು ಬೆವರುತ್ತಾರೆ ಎಂದು ಭಾಲ್ಕಿಯಲ್ಲಿ ಹೇಳುವುದುಂಟು.

"1910ರಾಗ ಸರ್ ಪದವಿ ಬಂತು ಅಂತ ಬರದೀ. ಅದೇ 1910ರಾಗ ಮುಂಬೈ ಹೈಕೋರ್ಟಿನಾಗ ಏನು ನಡೀತು ಗೊತ್ತದೇನು?"

ಹುಡುಗನಿಗೆ ಗೊತ್ತಿತ್ತು. ಅವನು ನೆಲ ನೋಡಿದ್ದರಿಂದ ನಮಗೂ ಗೊತ್ತಾಯಿತು.

1909ರ ಡಿಸೆಂಬರ್ 21ಕ್ಕೆ ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು ಅನಂತ ಕಾನ್ಹೇರೆ ಎಂಬ ಹುಡುಗ ಗುಂಡಿಟ್ಟು ಕೊಂದ. ಕಲೆಕ್ಟರನಿಗೆ ಬೀಳ್ಕೊಡುಗೆಯೆಂದು ಆಡುತ್ತಿದ್ದ ನಾಟಕ ದೇವಲರ 'ಶಾರದಾ', ಎಳೆ ಹುಡುಗಿಯನ್ನು ಮುದುಕನಿಗೆ ಕೊಡುವ ಕೆಟ್ಟ ಪದ್ಧತಿಯ ಮೇಲಿನದು. ಸುಧಾರಕರ ನಾಟಕದ ಥಿಯೇಟರಿನಲ್ಲಿ ಕ್ರಾಂತಿಕಾರಿಯ ಗುಂಡು. ಅದಕ್ಕೂ ಮುಂಚೆ, ಆ ವರ್ಷವೇ, ಗಣೇಶ ದಾಮೋದರ ಸಾವರ್ಕರರಿಗೆ ತಾವು ಅಚ್ಚು ಹಾಕಿಸಿದ ಹಾಡುಗಳಿಗಾಗಿ ಜೀವಾವಧಿ ಕರಿನೀರಿನ ಶಿಕ್ಷೆ ಆಗಿತ್ತು. ಆ ಮೇಲ್ಮನವಿ ಕೇಳಿ ಶಿಕ್ಷೆಯನ್ನು ಎತ್ತಿಹಿಡಿದ ಇಬ್ಬರು ಜಡ್ಜುಗಳಲ್ಲಿ ಚಂದಾವರ್ಕರ್ ಒಬ್ಬರು, ಹೀಟನ್ ಇನ್ನೊಬ್ಬರು. ಮುಂದೆ ಜಾಕ್ಸನ್ ಕೊಲೆಯ ಬೆನ್ನಿಗೆ ಬಂದ ನಾಸಿಕ ಪಿತೂರಿಯ ಮೊಕದ್ದಮೆಗೆ 1908ರ ಕಾಯ್ದೆಯಂತೆ ವಿಶೇಷ ನ್ಯಾಯಮಂಡಳಿ ಕೂತಾಗ ಅದರಲ್ಲಿ ಮುಖ್ಯ ನ್ಯಾಯಾಧೀಶ ಬೇಸಿಲ್ ಸ್ಕಾಟ್, ಚಂದಾವರ್ಕರ್, ಹೀಟನ್. ಮೂವರು ಜಡ್ಜು, ಜ್ಯೂರಿ ಇಲ್ಲ, ಅಪೀಲಿಲ್ಲ. 1910ರ ಡಿಸೆಂಬರಿನಲ್ಲಿ ಗಣೇಶರ ತಮ್ಮ ವಿನಾಯಕ ದಾಮೋದರ ಸಾವರ್ಕರರಿಗೆ ಆಜೀವ ಕರಿನೀರು, ಆಸ್ತಿ ಜಪ್ತಿ ಎಂದು ತೀರ್ಪು ಕೊಟ್ಟವರು ಇವರೇ.

ಹತ್ತು ವರ್ಷದ ಹಿಂದೆ ಕಾಂಗ್ರೆಸ್ಸಿನ ಅಧ್ಯಕ್ಷ. ಹತ್ತು ವರ್ಷ ಮುಂದೆ, 1920ರಲ್ಲಿ, ಜಲಿಯನ್‌ವಾಲಾ ಬಾಗಿನ ಬಗೆಗಿನ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲು ಮುಂಬೈಯಲ್ಲಿ ಸೇರಿದ ಸಾರ್ವಜನಿಕ ಸಭೆಯ ಅಧ್ಯಕ್ಷ. ನಡುವೆ ಈ ತೀರ್ಪು. ಒಬ್ಬ ಮನುಷ್ಯನನ್ನು ತಿಳಿಯಬೇಕೆಂದರೆ ಕಣ್ಣು ನೆಡಬೇಕಾದ ಜಾಗ ಇದೇ ಅಲ್ಲವೇ? ಹುಡುಗ ಅದನ್ನೇ ಹಾರಿಸಿಬಿಟ್ಟಿದ್ದ.

"ಯಾಕ ಬಿಟ್ಟಿ?" ಎಂದೆ.

"ಬರದ್ರ ಒಬ್ಬರಿಗೆ ಸಿಟ್ಟು, ಬಿಟ್ರ ಯಾರಿಗೂ ಸಿಟ್ಟಿಲ್ಲ, ಮಾಮಾ."

ಉತ್ತರ ಪ್ರಾಮಾಣಿಕವಾಗಿತ್ತು. ಸಾವರ್ಕರ್ ಎಂದು ಎರಡು ಸಾಲು ಬರೆದರೆ ಇನ್ನೂರು ಸಾಲು ಬೈಗುಳ ಎರಡೂ ಕಡೆಯಿಂದ ಬರುವ ಕಾಲ ಇದು. ಆದರೆ ವಕೀಲರು ಬಿಡಲಿಲ್ಲ. ಅವರ ವಾದ ಸರಳ. ತೀರ್ಪು ಸರಿ ಅನ್ನಬೇಡ, ತಪ್ಪೂ ಅನ್ನಬೇಡ. ಯಾವ ಕಾಯ್ದೆ, ಎಷ್ಟು ಜನ ಜಡ್ಜು, ಏನು ಶಿಕ್ಷೆ, ಯಾವ ತಿಂಗಳು. ಅಷ್ಟು ಸಾಕು. ಮಾಸ್ತರು ಇನ್ನೊಂದು ಎಚ್ಚರಿಕೆ ಸೇರಿಸಿದರು: ಸರ್ ಪದವಿಯನ್ನೂ ತೀರ್ಪನ್ನೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂರಿಸಬೇಡ. ವರ್ಷ ಒಂದೇ ಆದ ಮಾತ್ರಕ್ಕೆ ಒಂದಕ್ಕೆ ಇನ್ನೊಂದು ಬಹುಮಾನ ಎಂದಾಗುವುದಿಲ್ಲ, ಓದುವವರು ಮಾತ್ರ ತಾವೇ ಗಂಟು ಹಾಕಿಕೊಳ್ಳುತ್ತಾರೆ. ಹೇಳದೆ ಹೇಳುವ ಸುಳ್ಳಿಗೆ ಶಿಕ್ಷೆ ಕೊಡುವ ಕಾಯ್ದೆ ಇನ್ನೂ ಬಂದಿಲ್ಲವಂತೆ. ಮಾಸ್ತರು ಇಷ್ಟು ಸೂಕ್ಷ್ಮದವರೆಂದು ನನಗೆ ಗೊತ್ತಿರಲಿಲ್ಲ. ನನ್ನ ಬಗ್ಗೆ ಮಾತಾಡುವಾಗ ಅವರು ಇದನ್ನು ಪಾಲಿಸುವುದಿಲ್ಲ.

ಇಷ್ಟಾದ ಮೇಲೆ ಹುಡುಗನೂ ತಿರುಗಿಬಿದ್ದ. ಅವನದೂ ನ್ಯಾಯವಿತ್ತು. ವಿಶ್ವಕೋಶದಲ್ಲಿ ಲೇಖಕ ತಾನೇ ಲಾ ರಿಪೋರ್ಟ್ ಓದಿ ಅಭಿಪ್ರಾಯ ಹೇಳುವಂತಿಲ್ಲ. ಯಾರೋ ಬಲ್ಲವರು ಓದಿ, ಬರೆದು, ಅಚ್ಚು ಹಾಕಿಸಿರಬೇಕು. ಅದನ್ನು ನೋಡಿ ಇವನು ಬರೆಯಬೇಕು.

"ನಾ ಬಾಂಬೆ ಲಾ ರಿಪೋರ್ಟರ್ ಓದೀನಿ, ನಾ ಹೇಳ್ತೀನಿ, ನನ್ನ ಹೆಸರು ಹಾಕು" ಎಂದರು ವಕೀಲರು.

"ನೀವು ಹೇಳಿದ್ರ ಆಗೂದಿಲ್ಲ ಸಾಬ್. ನೀವು ಅಚ್ಚಾಗಬೇಕು."

ನಲವತ್ತು ವರ್ಷ ವಾದ ಮಾಡಿದ ಮನುಷ್ಯನಿಗೆ ಹೀಗೆಂದರೆ ಹೇಗಾಗಬೇಡ! ಅವರು ಇನ್ನೊಂದು ಚಹಾ ಹೇಳಿದರು, ಹುಡುಗನಿಗೆ ಹೇಳಲಿಲ್ಲ.

ಹಾಗಾದರೆ ನಿನ್ನ ಅಚ್ಚಾದ ಆಧಾರಗಳು ಯಾವುವು, ತೋರಿಸು ಎಂದಾಯಿತು. ಮೊದಲನೆಯದು 1911ರಲ್ಲಿ ಬಂದ ಚಂದಾವರ್ಕರರ ಭಾಷಣ ಮತ್ತು ಬರಹಗಳ ಇಂಗ್ಲಿಷ್ ಸಂಪುಟ, ಸಂಪಾದಕರು ಎಲ್. ವಿ. ಕೈಕಿಣಿ. ಎರಡನೆಯದು ಅವರ ಜನ್ಮಶತಾಬ್ದಿಯ ವರ್ಷ 1955ರಲ್ಲಿ ಬಂದ 'ಎ ರೆಸ್ಲಿಂಗ್ ಸೋಲ್' ಎಂಬ ಜೀವನಚರಿತ್ರೆ, ಬರೆದವರು ಗಣೇಶ ಎಲ್. ಚಂದಾವರ್ಕರ್. ವಕೀಲರ ಕಣ್ಣು ಮಿಂಚಿತು. "ಸೋದರಮಾವ ಕೈಕಿಣಿ, ಸಂಪಾದಕ ಕೈಕಿಣಿ. ನಾಯಕ ಚಂದಾವರ್ಕರ್, ಚರಿತ್ರಕಾರ ಚಂದಾವರ್ಕರ್. ಇವರು ಸಾಕ್ಷಿನೋ, ಬೀಗರೋ?"

ಅಡ್ಡಹೆಸರು ಒಂದಾದ ಕೂಡಲೆ ಒಂದೇ ಒಲೆ ಎನ್ನುವುದು ತಪ್ಪು ಎಂದು ನಾನು ಹೇಳಿದೆ. ಹಾಗೆ ನೋಡಿದರೆ ನಮ್ಮ ತಾಲ್ಲೂಕಿನಲ್ಲಿ ಪಾಟೀಲರೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣಬೇಕಾಗುತ್ತದೆ, ಉಣ್ಣುತ್ತಾರೆಯೇ? ಆದರೆ ವಕೀಲರ ಇನ್ನೊಂದು ಮಾತಿಗೆ ನನ್ನಲ್ಲಿ ಜವಾಬಿರಲಿಲ್ಲ. 1911ರಲ್ಲಿ ಚಂದಾವರ್ಕರರು ಹಾಲಿ ಜಡ್ಜ್. ಹಾಲಿ ಜಡ್ಜ್ ಸಾಹೇಬರ ಭಾಷಣ ಸಂಕಲಿಸುವವರು ಯಾರಾದರೂ ಖಾರ ಹಾಕುತ್ತಾರೆಯೇ? ಅದರಲ್ಲೂ ಅದು ಭಾಷಣ, ಬರಹಗಳ ಪುಸ್ತಕ. ತೀರ್ಪುಗಳು ಹೈಕೋರ್ಟಿನ ವರದಿಗಳ ಕೆಂಪು ರಟ್ಟಿನೊಳಗೆ ಉಳಿದವು, ಭಾಷಣಗಳು ಸಂಪುಟದಿಂದ ಚರಿತ್ರೆಗೆ, ಚರಿತ್ರೆಯಿಂದ ವಿಶ್ವಕೋಶಕ್ಕೆ ನಡೆದುಕೊಂಡು ಬಂದವು. ಜಡ್ಜು ಮಾತಾಡಿದ್ದು ಸಿಗುತ್ತದೆ, ಜಡ್ಜ್ ಆಗಿ ಮಾತಾಡಿದ್ದು ಸಿಗುವುದಿಲ್ಲ. ಮೂರನೆಯ ಆಧಾರವಾಗಿ ಅಮೆರಿಕದ ಫ್ರಾಂಕ್ ಕಾನ್ಲನ್ 1977ರಲ್ಲಿ ಚಂದಾವರ್ಕರರ ಸಮಾಜವಾದ ಚಿತ್ರಾಪುರ ಸಾರಸ್ವತರ ಚರಿತ್ರೆ ಬರೆದ ಪುಸ್ತಕ ತರಿಸಿ ಓದು ಎಂದು ಮಾಸ್ತರು ಹೇಳಿದರು. ಸಮಾಜದ ಹೊರಗಿನವರು, ಮನೆತನಗಳ ಲೆಕ್ಕ ಅವರಿಗಿಲ್ಲ. ತರಿಸಲು ದುಡ್ಡು ಯಾರು ಕೊಡಬೇಕು ಎನ್ನುವಾಗ ಮಾಸ್ತರು ಕಿಟಕಿಯಾಚೆ ಬಸ್ಸಿನ ಬೋರ್ಡು ಓದುತ್ತಿದ್ದರು.

ಮಾಸ್ತರ ದೊಡ್ಡ ಬೇಟೆ ಮಾತ್ರ ಇನ್ನೂ ಬಾಕಿಯಿತ್ತು. ಕರಡಿನ ಕೊನೆಯಲ್ಲಿ, 'ಚಂದಾವರ್ಕರರ ಸಲಹೆಯಂತೆ ಮಹಾತ್ಮ ಗಾಂಧಿಯವರು 1921ರಲ್ಲಿ ಕಾನೂನುಭಂಗ ಚಳವಳಿಯನ್ನು ಕೈಬಿಟ್ಟರು' ಎಂದಿತ್ತು. ಇದು ಹುಡುಗನ ಸ್ವಂತ ಸೃಷ್ಟಿಯಲ್ಲ. ಹಲವು ಪರಿಚಯಗಳಲ್ಲಿ ಒಂದನ್ನೊಂದು ನೋಡಿ ನಕಲಾಗುತ್ತ ಬಂದಿರುವ ಸಾಲು.

"ಚಳವಳಿ ನಿಲ್ಸಿದ್ದು 1922ರ ಫೆಬ್ರುವರಿ, ಚೌರಿಚೌರಾ, ಬಾರ್ಡೋಲಿ. ಇದು ನಾ ಮೂವತ್ತು ವರ್ಷ ಹುಡುಗರಿಗೆ ಬಾಯಿಪಾಠ ಮಾಡ್ಸೀನಿ. ಈ 1921 ಎಲ್ಲಿಂದ ತಂದಿ?" ಎಂದರು ಮಾಸ್ತರು. ಮುಂದೆ ಅವರು ಬಿಡಿಸಿ ಹೇಳಿದ್ದು ಹೀಗೆ. ರೌಲತ್ ಕಾಯ್ದೆಯ ವಿರುದ್ಧದ ಸತ್ಯಾಗ್ರಹವನ್ನು ಗಾಂಧೀಜಿ 1919ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದರು. ಜುಲೈಯಲ್ಲಿ ಮತ್ತೆ ಶುರುಮಾಡುವವರಿದ್ದರು. ಸರಕಾರದ ಎಚ್ಚರಿಕೆ ಬಂತು, ಗೋವಿಂದರಾಘವ ಅಯ್ಯರ್, ಸರ್ ನಾರಾಯಣ ಚಂದಾವರ್ಕರ್ ಮುಂತಾದವರು ಈಗ ಬೇಡವೆಂದು ಬಹಿರಂಗವಾಗಿ ಕೇಳಿಕೊಂಡರು. ಗಾಂಧೀಜಿ ಸದ್ಯಕ್ಕೆ ಆರಂಭಿಸುವುದಿಲ್ಲವೆಂದು ಹೇಳಿಕೆ ಕೊಟ್ಟು, ಅದರಲ್ಲಿ ಈ ಹೆಸರುಗಳನ್ನೂ ಕಾಣಿಸಿದರು. ಸಲಹೆ ಕೊಟ್ಟದ್ದು ಖರೆ, ಗಾಂಧೀಜಿ ಮನ್ನಿಸಿದ್ದೂ ಖರೆ. ವರ್ಷ ಮಾತ್ರ 1919. 1920ಕ್ಕೆ ಬರುವಷ್ಟರಲ್ಲಿ ಚಂದಾವರ್ಕರರು ಅಸಹಕಾರದ ವಿರುದ್ಧ ಬಹಿರಂಗ ಹೇಳಿಕೆಗೆ ಸಹಿ ಹಾಕಿದ್ದರು, ಧರ್ಮಗ್ರಂಥಗಳು ಅಸಹಕಾರವನ್ನು ಒಪ್ಪುವುದಿಲ್ಲವೆಂದು ವಾದಿಸಿದ್ದರು, ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಗೀತೆಯನ್ನೇ ಮುಂದಿಟ್ಟು ಮರುವಾದ ಹೂಡಿದ್ದರು. ಹಿಂದಿನ ವರ್ಷ ಇಷ್ಟು ಜಗಳವಾಡಿದವರ ಮಾತಿಗೆ ಮುಂದಿನ ವರ್ಷ ಇಡೀ ಚಳವಳಿ ನಿಂತಿತೇ?

ಮಾಸ್ತರು ಕೆಂಪು ಪೆನ್ನಿನಿಂದ ಆ ಸಾಲಿನ ಮೇಲೆ ಎರಡು ಗೆರೆ ಎಳೆದರು. ನಕಲು ಮಾಡಿ ಪಾಸಾದವರನ್ನು ಹಿಡಿಯಲಾಗದ ಮೂವತ್ತು ವರ್ಷದ ಸಿಟ್ಟು ಆ ಗೆರೆಯಲ್ಲಿತ್ತು. ನನಗನಿಸುವಂತೆ ಇಡೀ ಸಂಜೆಯ ಗಳಿಕೆ ಅದೊಂದೇ. ಉಳಿದದ್ದೆಲ್ಲ ನಮ್ಮ ಬಾಯಿಚಪಲ.

ಬಾಯಿಚಪಲದ ವಿಷಯ ಬಂದಾಗ ವಕೀಲರದ್ದೂ ಹೇಳಿಬಿಡುವೆ. ಹೊನ್ನಾವರದ ಜಡ್ಜ್ ಬೇಕಾಗಿತ್ತೇ, ನಮ್ಮ ನಿಜಾಮಶಾಹಿಯಲ್ಲಿ ಬರವಿತ್ತೇ ಎಂದು ಅವರ ತಕರಾರು. ಕಲಬುರಗಿಯಲ್ಲಿ ವಕೀಲಿ ಮಾಡಿ ಮುಂದೆ ಹೈದರಾಬಾದ್ ಹೈಕೋರ್ಟಿನ ಜಡ್ಜ್ ಆದ ಕೇಶವರಾವ್ ಕೊರಟಕರ್ ಇದ್ದಾರೆ. ಹೈದರಾಬಾದಿನ ಮುಖ್ಯ ನ್ಯಾಯಾಧೀಶನಾಗಿ, ಆಮೇಲೆ ಗೃಹ ಕಾರ್ಯದರ್ಶಿಯಾದ ಮೆಹದಿ ಹಸನ್ ಇದ್ದಾನೆ. 1892ರಲ್ಲಿ ಅವನ ಹೆಂಡತಿಯ ಚಾರಿತ್ರ್ಯದ ಮೇಲೆ ಯಾರೋ ಹೆಸರಿಲ್ಲದ ಪಾಂಫ್ಲೆಟ್ ಹಂಚಿ, ಕೋರ್ಟು ಹತ್ತಿ, ಅವನ ನೌಕರಿಯೇ ಹೋಯಿತು. ಅವನ ಚರಿತ್ರೆ ಯಾರೇ ಬರೆದರೂ ಪಾಂಫ್ಲೆಟ್ಟು ಮೂರು ಪುಟ, ಜಡ್ಜ್‌ಗಿರಿ ಮೂರು ಸಾಲು ಎಂದು ಹುಡುಗ ಹೇಳಿದ. ಒಬ್ಬರ ತೀರ್ಪನ್ನು ಪದವಿಗಳು ನುಂಗಿದವು, ಇನ್ನೊಬ್ಬನದನ್ನು ಗುಸುಗುಸು ನುಂಗಿತು. ಜಡ್ಜುಗಳ ಹಣೆಬರಹ!

ನನ್ನದೂ ಒಂದು ಸೇರ್ಪಡೆಯಿತ್ತು, ಸುಮ್ಮನೆ ಬಿಡಲೇ? ಜಮಖಂಡಿಯಲ್ಲಿ ಹುಟ್ಟಿದ ವಿಠಲ ರಾಮಜಿ ಶಿಂದೆ 1906ರಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಅದರ ಅಧ್ಯಕ್ಷರಾದವರು ಚಂದಾವರ್ಕರ್. ಹಾಲಿ ಹೈಕೋರ್ಟ್ ಜಡ್ಜ್ ಅಂಥ ಸಂಸ್ಥೆಗೆ ಹೆಸರು ಕೊಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. 1910ರ ಸಾಲು ಬರಲೇಬೇಕು ಅನ್ನುವವರು 1906ರ ಸಾಲನ್ನೂ ಬಿಡಬಾರದು. ಇದಕ್ಕೆ ವಕೀಲರು ಒಪ್ಪಿದರು, ನಾನು ಹೇಳಿದ್ದೆಂಬ ಕಾರಣಕ್ಕೆ ಸ್ವಲ್ಪ ಹೊತ್ತು ತಡೆದು ಒಪ್ಪಿದರು.

ಕೊನೆಯ ಕಗ್ಗಂಟು ಮಾಸ್ತರದು. ಪರಿಶೀಲಿಸುವವನಿಗೆ ಬರುವ ಹಳೆಯ ರೋಗ ಅವರಿಗೂ ಬಂತು: ಎಲ್ಲಿಯದೇ ಚರಿತ್ರೆಯಿರಲಿ, ಅದರಲ್ಲಿ ನಮ್ಮೂರು ಬರಬೇಕು. ಮುಂಬೈ ಹೈಕೋರ್ಟಿನಲ್ಲಿ ಹಿಂದೂಗಳ ಆಸ್ತಿ, ಪಾಲು ಯಾವುದೇ ಇರಲಿ, ಹಿಂದೂ ಜಡ್ಜಿರಲಿ ಇಂಗ್ಲಿಷ್ ಜಡ್ಜಿರಲಿ, ಮೇಜಿನ ಮೇಲೆ ತೆರೆಯಬೇಕಾದ ಗ್ರಂಥಗಳಲ್ಲಿ ಮುಖ್ಯವಾದದ್ದು 'ಮಿತಾಕ್ಷರಾ'. ಇಂಗ್ಲಿಷ್ ಪಂಡಿತ ಕೋಲ್‌ಬ್ರೂಕ್ 1810ರಲ್ಲಿ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದಮೇಲಂತೂ ಕೋರ್ಟುಗಳಿಗೆ ಅದೇ ದಾರಿ. ಬರೆದವನು ವಿಜ್ಞಾನೇಶ್ವರ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು, ಕೂತು ಬರೆದ ಊರು ಕಲ್ಯಾಣ, ಅಂದರೆ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ. "ಹೊನ್ನಾವರದವರು ಮುಂಬೈದಾಗ ಕೂತು ಬೀದರಿನ ಪುಸ್ತಕ ನೋಡಿ ತೀರ್ಪು ಕೊಟ್ಟಾರ. ಇದಕ್ಕಿಂತ ದೊಡ್ಡ ಸಂಗತಿ ಇಡೀ ಕರಡಿನಾಗ ಯಾವುದದ? ಮೊದಲ ಪ್ಯಾರಾಕ್ಕ ಹಾಕು."

"ಸರ್, ಇದು ಚಂದಾವರ್ಕರರ ಚರಿತ್ರೆ. ವಿಜ್ಞಾನೇಶ್ವರನದಲ್ಲ."

"ಕೊನೇ ಪ್ಯಾರಾಕ್ಕರೆ ಹಾಕು."

"ಆಗೂದಿಲ್ರಿ. ಅವರು ಇಂಥ ತೀರ್ಪಿನಾಗ ಇಂಥ ಪುಟ ನೋಡಿದ್ರು ಅಂತ ಯಾರರ ಬರದಿರಬೇಕು."

ವಕೀಲರು ಹುಡುಗನ ಪಕ್ಷ ವಹಿಸಿದರು. ಚಹಾದ ಸಿಟ್ಟು ಇಳಿದಿತ್ತು. ನಾನು ಮಾಸ್ತರ ಪಕ್ಷ ವಹಿಸಿದೆ, ಮನೆಗೆ ಹೋಗುವ ದಾರಿ ಒಂದೇ ಇರುವುದರಿಂದ. ವಾದ ಏಳೂವರೆಯ ಬಸ್ಸು ಹೋಗುವವರೆಗೆ ನಡೆಯಿತು. ಕೊನೆಗೆ ಹುಡುಗ ಕೆಂಪಾದ ಹಾಳೆಗಳನ್ನೆಲ್ಲ ಮಡಚಿ ಚೀಲಕ್ಕೆ ಹಾಕಿಕೊಂಡ.

"ನಿಮ್ಮದೂ ವಿಶೇಷ ನ್ಯಾಯಮಂಡಳಿನೇ ಆಯ್ತಲ್ರಿ. ಮೂವರು ಜಡ್ಜು, ಜ್ಯೂರಿ ಇಲ್ಲ, ಅಪೀಲಿಲ್ಲ."

ವಕೀಲರು ಬಾಯಿತುಂಬ ನಕ್ಕರು. ಮಾಸ್ತರು ನಗಲಿಲ್ಲ. "ಒಂದೇ ಒಂದು ಸಾಲು ಕೇಳಿದ್ರ ಇಲ್ಲ ಅಂತಿ. ಹೋಗ್ಲಿ ಬಿಡು, ವಿಜ್ಞಾನೇಶ್ವರನ ಮ್ಯಾಲೆ ನಾನೇ ಒಂದು ಚರಿತ್ರೆ ಬರದು ಅದೇ ವಿಶ್ವಕೋಶಕ್ಕ ಕಳಸ್ತೀನಿ."

"ಬರೀರಿ ಸರ್," ಎಂದ ಹುಡುಗ, ಹೋಟೆಲಿನವನ ಮೇಜಿನಿಂದ ನಮ್ಮ ಕೆಂಪು ಪೆನ್ನು ಎತ್ತಿ ತನ್ನ ಜೇಬಿಗೆ ಸಿಗಿಸಿಕೊಳ್ಳುತ್ತ. "ನೋಡಲಿಕ್ಕೆ ನನಗೇ ಕೊಡ್ರಿ."